ಹತ್ತು ಕಿಲೋ ಸಂತೋಷ

ತೂಕಪ್ಪನ ಆ ದಿನದ ಫಜೀತಿಗೆಲ್ಲ ಮೂಲ ಒಂದು ಸೊನ್ನೆ.

ಬೆಳಿಗ್ಗೆ ಮೊದಲ ಲಾರಿ ಬರುವ ಮುಂಚೆ ಅವನು ಕ್ಯಾಬಿನ್ನಿನ ಬೀಗ ತೆಗೆದು, ತೂಕದ ಯಂತ್ರದ ಸ್ವಿಚ್ ಹಾಕಿ, ಲೆಕ್ಕವನ್ನು ಸೊನ್ನೆಯಿಂದ ಶುರುಮಾಡಿಸುವ ಗುಂಡಿ ಒತ್ತಿ ಹೊರಗೆ ಬಂದ. ಚಿಲ್ಲರೆ ಎಂಬ ಯಾರ್ಡಿನ ನಾಯಿ ಎಲ್ಲಿಂದಲೋ ಎದ್ದು ಬಂದು, ಮೈಮುರಿದು, ಅವನ ಕಾಲು ಮೂಸಿ, ಬಿಸ್ಕತ್ತು ವಸೂಲು ಮಾಡಿಕೊಂಡು ಗೇಟಿನ ಕಡೆ ಹೋಯಿತು. ಆಮೇಲೆ ತೂಕಪ್ಪ ದಿನವೂ ಮಾಡುವಂತೆ ಅತ್ತಿತ್ತ ನೋಡಿ, ಚಪ್ಪಲಿ ಬಿಟ್ಟು, ಲಾರಿ ನಿಲ್ಲುವ ಕಬ್ಬಿಣದ ಹಾಸಿನ ಮೇಲೆ ತಾನೇ ಹೋಗಿ ನಿಂತ. ಕ್ಯಾಬಿನ್ನಿನ ನೆತ್ತಿಯ ಫಲಕದಲ್ಲಿ ಕೆಂಪು ಅಂಕಿ ಮೂಡಿತು. ತೊಂಬತ್ತು!

ಕಣ್ಣುಜ್ಜಿಕೊಂಡ. ಇಳಿದು ಮತ್ತೆ ಹತ್ತಿದ. ಉಸಿರು ಬಿಗಿಹಿಡಿದು ನಿಂತ, ಉಸಿರು ಬಿಟ್ಟು ನಿಂತ. ತೊಂಬತ್ತೇ.

ಜಲ್ಲಿ ಯಾರ್ಡಿನಲ್ಲಿ ಲಾರಿ ತೂಗುವ ವೇಬ್ರಿಡ್ಜ್ ನೋಡಿಕೊಳ್ಳುವವನಾದ್ದರಿಂದ ಲಾರಿ ಡ್ರೈವರುಗಳು ಅವನಿಗೆ ತೂಕಪ್ಪ ಎಂದು ಹೆಸರಿಟ್ಟಿದ್ದರು. ಆಗ ಅವನು ತೆಳ್ಳಗೇ ಇದ್ದ. ಹೆಸರಿಗೆ ತಕ್ಕಂತೆ ಮೈ ಬೆಳೆದದ್ದು ಆಮೇಲೆ, ಬೈಪೋಲಾರ್ ಕಾಯಿಲೆಗೆ ಮಾತ್ರೆ ಶುರುವಾದ ಮೇಲೆ. ಕಾಯಿಲೆ ಬಂದಾಗ ಅವನ ಮನಸ್ಸು ಒಮ್ಮೆ ಗಾಳಿಪಟದ ಹಾಗೆ ಮೇಲೇರಿ ದಾರವನ್ನೇ ಮರೆತುಬಿಡುತ್ತಿತ್ತು, ಇನ್ನೊಮ್ಮೆ ಹಾಸಿಗೆ ಬಿಟ್ಟು ಏಳಲಾರದಷ್ಟು ಕುಸಿಯುತ್ತಿತ್ತು. ಮಾತ್ರೆ ಅದನ್ನು ಹದಕ್ಕೆ ತಂದಿತು. ಆದರೆ ಬೆಳಗಿನ ಮಾತ್ರೆ ಬಾಯಾರಿಸುತ್ತಿತ್ತು, ರಾತ್ರಿಯ ಮಾತ್ರೆ ಹಸಿವನ್ನು ಎಬ್ಬಿಸಿ ಕೂರಿಸುತ್ತಿತ್ತು. ಮನಸ್ಸು ಹದಕ್ಕೆ ಬಂದಷ್ಟೂ ಪ್ಯಾಂಟು ಹದ ತಪ್ಪಿತು.

ಎರಡು ವರ್ಷದ ಹಿಂದೆ ತೂಕಪ್ಪ ಇದಕ್ಕೊಂದು ಸುಲಭದ ದಾರಿ ಕಂಡುಕೊಂಡಿದ್ದ. ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದ. ಮೈ ಸರಸರನೆ ಇಳಿಯಿತು, ಮನಸ್ಸು ಸರಸರನೆ ಏರಿತು. ಯಾರ್ಡಿನ ಮೈಕು ಹಿಡಿದು ಇವತ್ತು ಯಾವ ಲಾರಿಯನ್ನೂ ತೂಗುವುದಿಲ್ಲ, ಮನುಷ್ಯ ಮನುಷ್ಯನನ್ನು ನಂಬಬೇಕು ಎಂದು ಸಾರಿದ. ಗೇಟಿನಿಂದ ಹೆದ್ದಾರಿಯವರೆಗೆ ಲಾರಿಗಳು ಸಾಲುಗಟ್ಟಿ ನಿಂತವು. ಅದಾದ ಮೇಲೆ ಬಂದ ಕುಸಿತದಲ್ಲಿ ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದ್ದ.

ಆಗ ಅವನಿಂದ ತೆಗೆದುಕೊಂಡಿದ್ದ ಕ್ಯಾಬಿನ್ನಿನ ಕೀಲಿ ಅವನ ಕೈಗೆ ಮರಳಿದ್ದು ಈ ವರ್ಷ. ಆ ಕೀಲಿ ಸೊಂಟದಲ್ಲಿದ್ದರೆ ತಾನು ಮತ್ತೆ ಮನುಷ್ಯನಾದೆ ಎನ್ನಿಸುತ್ತಿತ್ತು ಅವನಿಗೆ. ಒಂದೇ ಕೊರತೆ ಅಂದರೆ ಸೂಪರ್‌ವೈಸರ್ ಎಲ್ಲರನ್ನೂ ಬೈಯುತ್ತಿದ್ದರು, ಅವನೊಬ್ಬನನ್ನು ಬಿಟ್ಟು. ಡ್ರೈವರಿಗೆ ಬೈಗುಳ, ವಾಚ್‌ಮನ್ನಿಗೆ ಬೈಗುಳ, ತೂಕಪ್ಪನಿಗೆ ಮಾತ್ರ ಸಕ್ಕರೆ ಪಾಕ. ಮೊದಲು "ಏನಯ್ಯಾ" ಎನ್ನುತ್ತಿದ್ದವರು ಈಗ "ನೀವು, ತಾವು" ಎಂದು ಗಾಜಿನ ಲೋಟ ಎತ್ತಿಡುವ ಹಾಗೆ ಮಾತಾಡುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಅನ್ನಿ, ಆದರೂ ಅವನಿಗೆ ಅದು ಚುಚ್ಚುತ್ತಿತ್ತು.

ಈ ಸಲ ತೂಕಪ್ಪ ಮಾತ್ರೆಯ ತಂಟೆಗೆ ಹೋಗಲಿಲ್ಲ. ಡಾಕ್ಟರಮ್ಮ ಹೇಳಿದಂತೆ ಬಾಯಾರಿದಾಗ ಸಿಹಿ ಪಾನೀಯ ಬಿಟ್ಟು ನೀರು ಕುಡಿದ, ಬಸ್ಸು ಬಿಟ್ಟು ನಡೆದ, ತಟ್ಟೆಗೆ ಎರಡನೆಯ ಸಲ ಬಡಿಸಲು ಬಂದ ಕೈಯನ್ನು ತಡೆದ. ದಿನವೂ ತೂಕ ನೋಡಿ ಕೊರಗಬಾರದೆಂದು ಮನೆಯಲ್ಲಿ ತೂಕದ ಯಂತ್ರ ಇಡಬೇಡಿ ಎಂದಿದ್ದರು. ಇಡಲಿಲ್ಲ. ಯಾರ್ಡಿನಲ್ಲಿ ಆಗಲೇ ಇರುವುದನ್ನು ಯಾರೇನು ಮಾಡಲಾಗುತ್ತದೆ?

ಆದರೆ ಲಾರಿ ತೂಗುವ ಯಂತ್ರಕ್ಕೆ ಸಣ್ಣಪುಟ್ಟದ್ದು ಕಾಣುವುದಿಲ್ಲ. ಅದು ಎಣಿಸುವುದೇ ಹತ್ತು ಹತ್ತು ಕಿಲೋ ಲೆಕ್ಕದಲ್ಲಿ. ತೂಕಪ್ಪ ಎಷ್ಟೇ ನಡೆದರೂ ಅದು ತಿಂಗಳುಗಟ್ಟಲೆ ನೂರು ಎಂದು ಹಟ ಹಿಡಿದು ಕೂತಿತ್ತು. ಇವತ್ತು ಮೊದಲ ಸಲ ಸೋತು ಒಂದು ಮೆಟ್ಟಿಲು ಇಳಿದಿದೆ! ಒಂದು ಮಾತ್ರೆಯನ್ನೂ ತಪ್ಪಿಸದೆ ಇಳಿಸಿದ್ದೇನೆ ಎಂದು ಅವನ ಎದೆ ಉಬ್ಬಿತು. ಕೂಡಲೇ ಹೆಂಡತಿಗೆ ಫೋನ್ ಮಾಡಿದ.

"ಏಯ್, ಕೇಳಿಲ್ಲಿ, ಕೂತ್ಕೊಂಡಿದ್ದೀಯಾ? ಕೂತ್ಕೋ. ಇಲ್ಲ, ಬೇಡ, ನಿಂತೇ ಕೇಳು. ನೂರು ಹೋಯ್ತು! ತೊಂಬತ್ತು! ಈಗ ತಾನೇ ನೋಡಿದೆ, ಮೂರು ಸಲ ನೋಡಿದೆ. ಅಕ್ಕನಿಗೂ ಹೇಳ್ತೀನಿ, ನಿಮ್ಮಪ್ಪನಿಗೂ ಹೇಳ್ತೀನಿ!"

"ರೀ... ರಾತ್ರಿ ನಿದ್ದೆ ಬಂತಾ ನಿಮಗೆ?"

"ನನ್ನ ಗೊರಕೆಗೆ ನೀನೇ ಅಲ್ವಾ ಪಕ್ಕದ ರೂಮಿಗೆ ಹೋಗಿದ್ದು?"

"ಹೌದು. ಅದಕ್ಕೇ ನಂಗೆ ಗೊತ್ತಿಲ್ಲ. ಮತ್ತೆ... ಮಾತ್ರೆ?"

ತೂಕಪ್ಪನ ಸಂತೋಷಕ್ಕೆ ಸೂಜಿ ಚುಚ್ಚಿದಂತಾಯಿತು. "ತಗೊಂಡಿದ್ದೀನಿ ಕಣೇ. ಒಂದೂ ಬಿಟ್ಟಿಲ್ಲ."

"ಸರಿ ಸರಿ, ನಾನೇನೂ ಅಂದಿಲ್ಲಪ್ಪ. ನಿಧಾನಕ್ಕೆ ಮಾತಾಡಿ," ಎಂದು ಅವಳು ಫೋನಿಟ್ಟಳು. ಇಟ್ಟ ಕೈಯಲ್ಲೇ ಅತ್ತಿಗೆಗೆ, ಅಂದರೆ ತೂಕಪ್ಪನ ಅಕ್ಕನಿಗೆ ಫೋನ್ ಹಚ್ಚಿದಳು.

ಅವಳನ್ನೂ ಬೈಯುವಂತಿಲ್ಲ. ಗಂಡನ ಮನಸ್ಸು ಮೇಲೇರುವಾಗ ಏನೇನಾಗುತ್ತದೆಂದು ಅವಳಿಗೆ ಬಾಯಿಪಾಠವಾಗಿತ್ತು. ಮಾತು ಓಡುತ್ತದೆ, ಬಾಯಲ್ಲಿ ಹಾಡು ಬರುತ್ತದೆ, ಕಂಡವರಿಗೆಲ್ಲ ಏನಾದರೂ ಕೊಡುವ ಆಸೆ, ಬೇಕಿಲ್ಲದ್ದನ್ನು ಕೊಳ್ಳುವ ಆಸೆ. ತೊಂದರೆ ಏನೆಂದರೆ, ಸುಮ್ಮನೆ ಸಂತೋಷವಾದ ಮನುಷ್ಯ ಕೂಡ ಇದನ್ನೇ ಮಾಡುತ್ತಾನೆ.

ತೂಕಪ್ಪನೂ ಮಾಡಿದ. ಮೊದಲ ಲಾರಿ ತೂಗುವಾಗ ಬಾಯಲ್ಲಿ ತಾನಾಗಿ ಹಾಡು ಬಂತು. ಎರಡನೆಯ ಲಾರಿಯ ಡ್ರೈವರಿಗೆ ಬೆನ್ನು ತಟ್ಟಿ ಚಹಾ ಕುಡಿಸಿದ. ವಾಚ್‌ಮನ್ನನ್ನು ಕರೆದು, "ಇನ್ನು ಇದು ನನಗೆ ದೊಡ್ಡದಾಗುತ್ತೆ, ನೀನಿಟ್ಕೋ," ಎಂದು ಸೊಂಟದ ಬೆಲ್ಟನ್ನೇ ಬಿಚ್ಚಿ ಕೊಟ್ಟುಬಿಟ್ಟ. ಗೇಟಿನ ಮುಂದೆ ಬಟ್ಟೆ ಮಾರುವ ಗಾಡಿ ನಿಂತಾಗ ಒಂದು ಹೊಸ ಪ್ಯಾಂಟು ಕೊಂಡ, ಸೊಂಟದಲ್ಲಿ ಎರಡು ಬೆರಳು ಚಿಕ್ಕದನ್ನೇ ಆರಿಸಿ. ಬೆಲ್ಟು ಕೊಟ್ಟ ಮೇಲೆ ಹಳೆಯ ಪ್ಯಾಂಟು ಜಾರಬೇಕಿತ್ತು. ಅದು ಎಂದಿನಂತೆ ಬಿಗಿಯಾಗಿಯೇ ನಿಂತಿತ್ತು. ಸಂತೋಷದ ಭರದಲ್ಲಿ ಅವನು ಅದನ್ನು ಗಮನಿಸಲಿಲ್ಲ.

ವಾಚ್‌ಮನ್ ಬೆಲ್ಟು ಹಿಡಿದು ನೇರ ಸೂಪರ್‌ವೈಸರ್ ಬಳಿ ಹೋದ. "ಸಾರ್, ತೂಕಪ್ಪಣ್ಣ ಒಂದೇ ವಾರದಲ್ಲಿ ಹತ್ತು ಕಿಲೋ ಇಳಿದವ್ರಂತೆ. ಹಾಡು ಹೇಳ್ತಾವ್ರೆ. ಸೊಂಟದಿಂದ ಬೆಲ್ಟು ಬಿಚ್ಚಿ ಕೊಟ್ರು. ಮುಂದೆ ಏನು ಬಿಚ್ಚಿ ಕೊಡ್ತಾರೋ ಅಂತ ಭಯ ಆಗ್ತದೆ."

ಸೂಪರ್‌ವೈಸರ್ ಕೈಯಲ್ಲಿ ನೀರಿನ ಲೋಟ ಹಿಡಿದುಕೊಂಡೇ ಕ್ಯಾಬಿನ್ನಿಗೆ ಬಂದರು. "ಹೇಗಿದ್ದೀರಿ? ಸ್ವಲ್ಪ ಕೂತ್ಕೊಳ್ಳಿ. ನೀರು ಕುಡೀರಿ."

"ಚೆನ್ನಾಗಿದ್ದೀನಿ ಸಾರ್! ಇಷ್ಟು ಚೆನ್ನಾಗಿ ಯಾವತ್ತೂ ಇರ್ಲಿಲ್ಲ!"

ಸೂಪರ್‌ವೈಸರ್ ಮುಖ ಬಿಳಿಚಿಕೊಂಡಿತು. "ಒಳ್ಳೇದು, ಒಳ್ಳೇದು. ಕೀಲಿ ಇದೆಯಲ್ಲ, ಅದು ಸುಮ್ನೆ ನನ್ನ ಹತ್ರ ಇರ್ಲಿ. ಏನೂ ಅಂದ್ಕೋಬೇಡಿ. ಇವತ್ತೊಂದು ದಿನ."

ಇವತ್ತೊಂದು ದಿನ ಎಂದೇ ಹಿಂದಿನ ಸಲವೂ ತೆಗೆದುಕೊಂಡಿದ್ದರು. ಆ ಒಂದು ದಿನ ಒಂದೂವರೆ ವರ್ಷ ಎಳೆದಿತ್ತು. ತೂಕಪ್ಪನಿಗೆ ಅಳುವೇ ಬಂತು. ಸೊಂಟದ ಕೀಲಿಯ ಮೇಲೆ ಕೈಯಿಟ್ಟು, "ಸಾರ್, ಸಂಜೆ ಡಾಕ್ಟರ್ ಹತ್ರ ಹೋಗೋದಿದೆ. ಮೊನ್ನೆ ರಕ್ತ ಕೊಟ್ಟಿದ್ದೀನಿ, ಮಾತ್ರೆ ತಗೋತಾ ಇದ್ದೀನೋ ಇಲ್ವೋ ಅದರಲ್ಲೇ ಗೊತ್ತಾಗುತ್ತೆ. ಅಲ್ಲೀವರೆಗೆ ಬಿಡಿ ಸಾರ್," ಎಂದು ಬೇಡಿಕೊಂಡ.

ಅವರು ಅರೆಮನಸ್ಸಿನಿಂದ ಒಪ್ಪಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತರು. ಆಗ ತೂಕಪ್ಪನಿಗೆ ಒಂದು ಉಪಾಯ ಹೊಳೆಯಿತು. ಸಂತೋಷವೇ ತಾನೇ ಇವರಿಗೆಲ್ಲ ಗಾಬರಿ? ಸಂತೋಷ ತೋರಿಸದಿದ್ದರಾಯಿತು. ಹಾಡು ನಿಲ್ಲಿಸಿದ. ಮುಖ ಇಳಿಬಿಟ್ಟ. ಡ್ರೈವರುಗಳು ಮಾತಾಡಿಸಿದರೆ ಹೂಂ, ಉಹೂಂ ಅಷ್ಟೇ. ಮಧ್ಯಾಹ್ನ ಊಟದ ಡಬ್ಬಿ ತೆಗೆದು, ಎಂದಿನಂತೆ ಅರ್ಧವನ್ನು ಚಿಲ್ಲರೆಯ ತಟ್ಟೆಗೆ ಸುರಿದು, ಉಳಿದರ್ಧವನ್ನು ನೆಲ ನೋಡುತ್ತ ತಿಂದ.

ಇದು ಅವನ ತೂಕದ ಸಾಧನೆಯ ಒಳಗುಟ್ಟು. ಎದುರಿಗಿದ್ದರೆ ತಿನ್ನದೆ ಇರಲಾರ, ಎಸೆಯಲು ಮನಸ್ಸು ಬಾರದು. ಹಾಗಾಗಿ ಡಬ್ಬಿಯ ಅರ್ಧ, ಚಹಾದ ಜೊತೆಯ ಬಿಸ್ಕತ್ತು, ಡ್ರೈವರುಗಳು ತಂದುಕೊಡುವ ತಿಂಡಿ ಎಲ್ಲವೂ ನಾಯಿಯ ಪಾಲು. ಅದು ಯಾರ್ಡಿಗೆ ಬಂದಾಗ ಅಂಗೈಯಗಲದ ಮರಿ. ಯಾರೋ ತಮಾಷೆಗೆ ಹಾಸಿನ ಮೇಲೆ ನಿಲ್ಲಿಸಿದಾಗ ಯಂತ್ರ ಸೊನ್ನೆ ತೋರಿಸಿತ್ತು. ಲೆಕ್ಕಕ್ಕೆ ಬರದ್ದು ಎಂದು ಚಿಲ್ಲರೆ ಎಂದು ಕರೆದರು.

ಸೂಪರ್‌ವೈಸರ್ ಇದನ್ನೆಲ್ಲ ಬಾಗಿಲಿಂದಲೇ ನೋಡಿದರು. ಊಟ ಅರ್ಧ, ಮಾತಿಲ್ಲ, ಕಣ್ಣು ನೆಲದ ಮೇಲೆ. ಅಷ್ಟರಲ್ಲಿ ತೂಕಪ್ಪನ ಅಕ್ಕ ಬಟ್ಟೆಯ ಚೀಲ ಹಿಡಿದು, ನಾಲ್ಕು ದಿನ ಉಳಿಯುವ ತಯಾರಿಯಲ್ಲಿ ಗೇಟಿನೊಳಗೆ ಬಂದಳು. ಹಿಂದೆಯೇ ಹೆಂಡತಿ.

"ಬೆಳಿಗ್ಗೆ ತುಂಬಾ ಮೇಲಿದ್ರು ಅಮ್ಮಾ," ಎಂದು ಸೂಪರ್‌ವೈಸರ್ ಪಿಸುಗುಟ್ಟಿದರು. "ಮಧ್ಯಾಹ್ನಕ್ಕೆ ಪೂರ್ತಿ ಕೆಳಗೆ. ಇಷ್ಟು ಬೇಗ ಇಳಿಯುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ."

"ಅಯ್ಯೋ ನನ್ನ ತಮ್ಮಾ! ಏನೋ ಆಯ್ತು ನಿಂಗೆ?" ಎಂದು ಅಕ್ಕ ಅವನ ಗದ್ದ ಹಿಡಿದು ಮುಖ ಎತ್ತಿದಳು.

"ಏನೂ ಆಗಿಲ್ಲ ಅಕ್ಕಾ. ನಟನೆ ಮಾಡ್ತಿದ್ದೆ."

"ಕೇಳಿದ್ರಾ? ನಟನೆಯಂತೆ!" ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸಂಜೆ ತನಕ ಯಾಕೆ ಕಾಯೋದು? ನಡೀರಿ ಈಗಲೇ."

ಸೂಪರ್‌ವೈಸರ್ ತಮ್ಮ ಕಾರು ತೆಗೆದರು. ತೂಕಪ್ಪನನ್ನು ಹಿಂದಿನ ಸೀಟಿನ ನಡುವೆ ಕೂರಿಸಿ, ಒಂದು ಕಡೆ ಅಕ್ಕ, ಇನ್ನೊಂದು ಕಡೆ ಹೆಂಡತಿ ಒತ್ತಿ ಕೂತರು. ಬಾಗಿಲು ತೆಗೆದು ಹಾರಿಯಾನು ಎಂಬಂತೆ ಅಕ್ಕ ದಾರಿಯುದ್ದಕ್ಕೂ ಅವನ ತೋಳು ಬಿಡಲಿಲ್ಲ. ಹೆಂಡತಿ ಮಾತ್ರ ಅವನ ಕೈಯನ್ನು ಮೆಲ್ಲಗೆ ಹಿಡಿದು, "ನಿಜ ಹೇಳಿ. ನಂಗೊಬ್ಬಳಿಗೆ ಹೇಳಿ," ಎಂದಳು.

"ಬಿಟ್ಟಿಲ್ಲ ಕಣೇ," ಎಂದ ತೂಕಪ್ಪ. ಅವಳು ನಂಬಿದರೆ ಸಾಕು, ಬೇರೆ ಯಾರು ನಂಬದಿದ್ದರೂ ಬದುಕುತ್ತೇನೆ ಎನ್ನಿಸಿತು ಅವನಿಗೆ.

ಡಾಕ್ಟರಮ್ಮ ನಾಲ್ವರೂ ಒಟ್ಟಿಗೆ ನುಗ್ಗಿದ್ದನ್ನು ಕಂಡು ಕನ್ನಡಕ ಸರಿಮಾಡಿಕೊಂಡರು. ಮೂವರೂ ಒಂದೇ ಉಸಿರಿಗೆ ಹೇಳಿದ್ದನ್ನು ಕೇಳಿದರು. ಆಮೇಲೆ ಅವರನ್ನೆಲ್ಲ ಬಿಟ್ಟು ತೂಕಪ್ಪನ ಕಡೆ ತಿರುಗಿ ನಿದ್ದೆ, ಕೆಲಸ, ಯೋಚನೆ ಎಲ್ಲವನ್ನೂ ಸಾವಧಾನವಾಗಿ ವಿಚಾರಿಸಿದರು. ರಕ್ತದ ವರದಿ ತೆಗೆದು ನೋಡಿದರು.

"ಔಷಧಿ ರಕ್ತದಲ್ಲಿ ಎಷ್ಟಿರಬೇಕೋ ಅಷ್ಟೇ ಇದೆ. ಇವರು ಮಾತ್ರೆ ಬಿಟ್ಟಿಲ್ಲ. ಮಾತಾಡಿಸಿದರೆ ಚೆನ್ನಾಗೇ ಇದ್ದಾರೆ. ಸಂತೋಷ ಆಗಿದೆ, ಸಂತೋಷಪಟ್ಟಿದ್ದಾರೆ. ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ."

ಹೆಂಡತಿಯ ಕಣ್ಣು ತುಂಬಿ ಬಂತು. ತೂಕಪ್ಪ ಗೆದ್ದ ಕುಸ್ತಿಪಟುವಿನಂತೆ ಎಲ್ಲರ ಮುಖ ನೋಡಿದ. "ಈಗ ತೂಕ ನೋಡಿ ಮೇಡಂ!" ಎಂದು ಮೂಲೆಯ ತೂಕದ ಯಂತ್ರದ ಮೇಲೆ ತಾನೇ ಹೋಗಿ ನಿಂತ.

ನೂರ ಎರಡು. ಮೂರು ತಿಂಗಳ ಹಿಂದೆ ಇದ್ದಷ್ಟೇ.

ತೂಕಪ್ಪ ಇಳಿದು ಹತ್ತಿದ. ನೂರ ಎರಡೇ.

"ನಿಂತಲ್ಲೇ ನಿಂತಿದೆ," ಎಂದು ಡಾಕ್ಟರಮ್ಮ ನಕ್ಕರು. "ಕಳೆದ ವರ್ಷ ಬಂದಾಗಲೆಲ್ಲ ಏರಿರುತ್ತಿತ್ತು, ನೆನಪಿದೆಯಾ? ಇಂಥ ಮಾತ್ರೆ ತಗೊಂಡೂ ಏರದ ಹಾಗೆ ಹಿಡಿದು ನಿಲ್ಲಿಸೋದು ಸಣ್ಣ ಕೆಲಸ ಅಲ್ಲ. ನನಗೆ ನಿಮ್ಮ ಬಗ್ಗೆ ಹೆಮ್ಮೆ ಆಗ್ತಿದೆ."

ಆದರೆ ಅಕ್ಕನ ತಲೆ ಬೇರೆ ಕಡೆ ಓಡುತ್ತಿತ್ತು. "ಹಾಗಿದ್ರೆ ತೊಂಬತ್ತು ಅಂತ ಕಂಡಿದ್ದು? ಇಲ್ಲದ್ದು ಕಣ್ಣಿಗೆ ಕಾಣ್ತಿದೆಯೇನೋ ತಮ್ಮಾ?"

ಸೂಪರ್‌ವೈಸರ್ ಕೂಡ ತೂಕಪ್ಪನ ಸೊಂಟದ ಕೀಲಿಯ ಮೇಲೆ ಕಣ್ಣಿಟ್ಟರು. ತೂಕಪ್ಪನಿಗೆ ಬೆವರು ಇಳಿಯಿತು. ಯಂತ್ರದ ತಪ್ಪು ಎನ್ನೋಣವೆಂದರೆ ಯಂತ್ರ ಅವನ ಜವಾಬ್ದಾರಿ. ಕಣ್ಣಿನ ತಪ್ಪು ಎಂದರೆ ಕೀಲಿಯ ಕತೆ ಮುಗಿದಂತೆಯೇ.

"ಊಟದಲ್ಲಿ ಏನೇನು ಬದಲಾಯಿಸಿದಿರಿ, ಹೇಳಿ," ಎಂದು ಡಾಕ್ಟರಮ್ಮ ಮಾತು ತಿರುಗಿಸಿದರು.

"ಅರ್ಧ ಊಟ ಮೇಡಂ. ಉಳಿದರ್ಧ, ಬಿಸ್ಕತ್ತು, ತಿಂಡಿ ಎಲ್ಲಾ ನಾಯಿಗೆ ಹಾಕ್ತೀನಿ. ಬೆಳಿಗ್ಗೆ ನಾನು ಬಂದ ತಕ್ಷಣ ಅದು ಎದ್ದು ಬರುತ್ತೆ, ಆ ಹಾಸಿನ ಮೂಲೆಯಲ್ಲಿ ಮಲಗಿರುತ್ತಲ್ಲ, ಅಲ್ಲಿಂದ..." ತೂಕಪ್ಪನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಮರುಕ್ಷಣ ಕುರ್ಚಿಯಿಂದ ಜಿಗಿದ. "ನಾಯಿ! ನಾಯಿ ಸಾರ್! ಹತ್ತು ಕಿಲೋ ನಾಯಿಯಲ್ಲಿದೆ!"

ಅಕ್ಕ ಚೀಲ ಎದೆಗವಚಿಕೊಂಡು ಡಾಕ್ಟರಮ್ಮನ ಕಡೆ ನೋಡಿದಳು.

ಹೊತ್ತು ಇಳಿಯುವ ಮೊದಲೇ ಕಾರು ಯಾರ್ಡಿಗೆ ಮರಳಿತು. ಹಾಸು ಖಾಲಿಯಿತ್ತು. ತೂಕಪ್ಪ ಎಲ್ಲರೆದುರಿಗೆ ಅದರ ಸುತ್ತ ಒಂದು ಸುತ್ತು ಬಂದು, ಕ್ಯಾಬಿನ್ನಿಗೆ ಹೋಗಿ ಸೊನ್ನೆ ಒತ್ತಿ, ಹಾಸಿನ ಮೇಲೆ ನಿಂತ. ನೂರು. ಅವನು ಇಳಿದು, ಗೇಟಿನ ಬಳಿ ಬಿದ್ದುಕೊಂಡಿದ್ದ ಚಿಲ್ಲರೆಯನ್ನು ಬಿಸ್ಕತ್ತು ತೋರಿಸಿ ಹಾಸಿನ ಮೇಲೆ ಕರೆದ. ಅದು ಹೊಟ್ಟೆ ಓಲಾಡಿಸಿಕೊಂಡು ಬಂದು ನಿಂತಿತು. ಫಲಕದಲ್ಲಿ ಕೆಂಪಗೆ ಹತ್ತು ಮೂಡಿತು.

"ನೋಡಿದ್ರಾ? ಬೆಳಿಗ್ಗೆ ಇದು ಮೂಲೆಯಲ್ಲಿ ಮಲಗಿತ್ತು. ಇದನ್ನೂ ಸೇರಿಸಿ ಸೊನ್ನೆ ಮಾಡಿಬಿಟ್ಟೆ. ಇದು ಎದ್ದು ಹೋಯ್ತು, ನಾನು ಹತ್ತಿದೆ, ಇದರ ತೂಕ ನನ್ನದರಲ್ಲಿ ಕಳೀತು. ಸೊನ್ನೆಗಿಂತ ಕೆಳಗೆ ಹೋದ್ರೆ ಈ ಫಲಕಕ್ಕೆ ತೋರ್ಸೋಕೆ ಬರಲ್ಲ. ಮರಿಯಾಗಿದ್ದಾಗ ಯಂತ್ರಕ್ಕೆ ಕಾಣ್ತಿರ್ಲಿಲ್ಲ. ಈಗ ಬೆಳೆದಿದೆ."

ಹೆಂಡತಿ ನಾಯಿಯನ್ನು ನೋಡಿದಳು, ಗಂಡನನ್ನು ನೋಡಿದಳು. "ಅಂದ್ರೆ... ಇದೆಲ್ಲಾ ನೀವು ತಿನ್ನದೆ ಬಿಟ್ಟಿದ್ದು?"

"ಎಲ್ಲಾ ನಾನು ಬಿಟ್ಟಿದ್ದೇ."

"ನೀವೇ ತಿಂದಿದ್ದಿದ್ರೆ ಇಷ್ಟೂ ನಿಮ್ಮ ಮೈಮೇಲೆ ಇರ್ತಿತ್ತು!" ಅವಳು ಜೋರಾಗಿ ನಕ್ಕುಬಿಟ್ಟಳು. ಬೆಳಗಿನಿಂದ ತಡೆದಿಟ್ಟ ಅಳು ಆ ನಗುವಿನ ಜೊತೆ ಹೊರಬಂತು. "ಅನುಮಾನ ಪಟ್ಟೆ. ತಪ್ಪಾಯ್ತು ಕಣ್ರೀ."

ತಾನು ಗೆದ್ದ ಹಸಿವೆಲ್ಲ ನಾಲ್ಕು ಕಾಲಿನ ಮೇಲೆ ನಿಂತು ಬಾಲ ಆಡಿಸುವುದನ್ನು ತೂಕಪ್ಪ ಕಣ್ತುಂಬ ನೋಡಿದ. ಇಷ್ಟು ಸ್ಪಷ್ಟವಾದ ಸಾಕ್ಷಿ ಯಾವ ಡಾಕ್ಟರ ಬಳಿಯೂ ಸಿಗದು ಎಂದುಕೊಂಡ. ಅಷ್ಟರಲ್ಲಿ ಬೆನ್ನ ಹಿಂದೆ ಗುಡುಗಿದಂತಾಯಿತು.

"ಏನಯ್ಯಾ! ಹಾಸು ಖಾಲಿ ಇದೆಯಾ ಇಲ್ವಾ ನೋಡದೆ ಸೊನ್ನೆ ಒತ್ತೋದಾ? ಕಣ್ಣೇನು ಮನೇಲಿ ಬಿಟ್ಟು ಬಂದಿದ್ದೀಯಾ?" ಸೂಪರ್‌ವೈಸರ್ ಮುಖ ಫಲಕದ ಅಂಕಿಯಷ್ಟೇ ಕೆಂಪಗಿತ್ತು. "ಇವತ್ತಿನ ಲಾರಿಗಳ ಗತಿ ಏನು?"

"ಲಾರಿ ಖಾಲಿ ಬಂದಾಗಲೂ ತುಂಬಿ ಹೋಗುವಾಗಲೂ ಅದೇ ಸೊನ್ನೆ ಸಾರ್. ಎರಡೂ ಕಡೆ ನಾಯಿ ಕಳೀತು. ಜಲ್ಲಿ ಲೆಕ್ಕ ಸರಿಯಾಗೇ ಇದೆ."

"ಲೆಕ್ಕ ಸರಿ ಇದ್ರೆ ನೀನು ಮಾಡಿದ್ದು ಸರಿಯಾ? ಗಮನ ಬೇಡ್ವಾ ಕೆಲಸದ ಮೇಲೆ? ತಾ ಇಲ್ಲಿ ಕೀಲಿ! ಒಂದು ವಾರ ಪೊರಕೆ ಹಿಡಿ, ಹಾಸು ಗುಡಿಸು. ಆಗ ಗೊತ್ತಾಗುತ್ತೆ ಅದರ ಮೇಲೆ ಏನೇನು ಮಲಗಿರುತ್ತೆ ಅಂತ. ದಂಡಪಿಂಡ!"

ಬೆಳಗಿನಿಂದ ಜೀವ ಹಿಡಿದಂತೆ ಹಿಡಿದಿದ್ದ ಕೀಲಿಯನ್ನು ತೂಕಪ್ಪ ಬಿಚ್ಚಿ ಕೊಟ್ಟ. ಕೊಡುವಾಗ ಅವನ ಮುಖ ಅರಳುತ್ತ ಹೋಯಿತು. ಏನಯ್ಯಾ ಅಂದರು! ನೀನು ಅಂದರು! ದಂಡಪಿಂಡ ಅಂದರು! ವಾಚ್‌ಮನ್ನಿಗೆ ಬೈದ ಹಾಗೆಯೇ, ಡ್ರೈವರಿಗೆ ಬೈದ ಹಾಗೆಯೇ ಬೈದರು. ಇದು ಕಾಯಿಲೆ ಮಾಡಿಸಿದ ತಪ್ಪಲ್ಲ, ಆರೋಗ್ಯವಂತ ಮನುಷ್ಯ ಮೈಮರೆತು ಮಾಡುವ ಶುದ್ಧ ತಪ್ಪು. ಎರಡು ವರ್ಷದಿಂದ ಕೇಳದ ಆ ಗುಡುಗು ಅವನ ಕಿವಿಗೆ ಸಂಗೀತದಂತೆ ಕೇಳಿಸಿತು. ಎದೆಯುಬ್ಬಿಸಿ, ತಲೆಯೆತ್ತಿ, ಬಾಯ್ತುಂಬ ನಗುತ್ತ ನಿಂತ.

"ಇನ್ನೊಂದ್ಸಲ ಬೈರಿ ಸಾರ್," ಎಂದ.

ಸೂಪರ್‌ವೈಸರ್ ಎತ್ತಿದ ಕೈ ಹಾಗೇ ನಿಂತಿತು. ಅವರು ಅಕ್ಕನ ಮುಖ ನೋಡಿದರು. ಅಕ್ಕ ಚೀಲದಿಂದ ಫೋನು ತೆಗೆದು ಡಾಕ್ಟರಮ್ಮನ ನಂಬರ್ ಹುಡುಕತೊಡಗಿದಳು. ಚೆನ್ನಾಗಿದ್ದಾರೆ ಬಿಡಿ, ಚೆನ್ನಾಗಿದ್ದಾರೆ ಎಂದು ಹೆಂಡತಿ ನಗುನಗುತ್ತ ಹೇಳುತ್ತಿದ್ದುದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೂಪರ್‌ವೈಸರ್ ಕೀಲಿಯನ್ನು ಜೇಬಿನಲ್ಲಿ ಭದ್ರವಾಗಿ ಇಳಿಬಿಟ್ಟು, ಗಂಟಲು ಸರಿಮಾಡಿಕೊಂಡು, ಮತ್ತೆ ಅದೇ ಸಕ್ಕರೆ ಪಾಕದ ದನಿಯಲ್ಲಿ ಕೇಳಿದರು:

"ನೀವು... ಸ್ವಲ್ಪ ಕೂತ್ಕೋತೀರಾ? ನೀರು ತರ್ಲಾ?"